ಉಗುಳಿದರೂ ಅದು ಕಾಫಿಯೇ

ಮೂರನೇ ಮಹಡಿಯ ಆ ಮನೆಗೆ ಐವತ್ತನಾಲ್ಕು ಮೆಟ್ಟಿಲು. ಮೂವತ್ತಾರನೆಯದು ದಾಟುವಾಗ ಎದೆಯೊಳಗೆ ಯಾರೋ ಹಗ್ಗ ಬಿಗಿದಂತಾಗುವುದು ಶುರುವಾಗಿ ತಕ್ಕಡಿಯಕ್ಕನಿಗೆ ಎರಡು ತಿಂಗಳಾಗಿತ್ತು. ನಿಂತರೆ ಎರಡು ನಿಮಿಷದಲ್ಲಿ ಸಡಿಲವಾಗುತ್ತಿತ್ತು. ಯಾರಾದರೂ ಕಂಡರೆ ಚೀಲದಲ್ಲಿ ಬೀಗದ ಕೈ ಹುಡುಕುವವಳಂತೆ ನಟಿಸುತ್ತಿದ್ದಳು. ಒಂದು ದಿನ ಹಿಂದೆಯೇ ಬರುತ್ತಿದ್ದ ಗಂಡ, "ಬೀಗದ ಕೈ ನನ್ನ ಜೇಬಲ್ಲಿದೆ, ನೀನೇನು ಹುಡುಕ್ತಿದ್ದೀಯ?" ಎಂದು ಕೇಳಿದಾಗ ಗುಟ್ಟು ರಟ್ಟಾಯಿತು.

ತಕ್ಕಡಿಯಕ್ಕ ಎನ್ನುವುದು ಕಾಫಿ ಕಾರ್ಖಾನೆಯವರು ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಅಲ್ಲಿ ರುಚಿ ನೋಡುವುದು ಅವಳ ಕೆಲಸ. ಒಳಗೆ ಬರುವ ಪ್ರತಿ ಮೂಟೆಯಿಂದಲೂ ಒಂದು ಹಿಡಿ ಬೀಜ ಹುರಿದು, ಪುಡಿ ಮಾಡಿ, ಬಟ್ಟಲಿಗೆ ಹತ್ತು ಗ್ರಾಂ ತೂಗಿ ಹಾಕಿ, ಬಿಸಿನೀರು ಹೊಯ್ದು, ನಾಲ್ಕು ನಿಮಿಷ ಕಾದು, ಚಮಚದಲ್ಲಿ ಎತ್ತಿ ಸುರ್ರೆಂದು ಬಾಯಿಗೆ ಎಳೆದುಕೊಂಡು, ನಾಲಿಗೆಯ ಮೇಲೆ ಆಡಿಸಿ, ಕೈಯಲ್ಲಿರುವ ಉದ್ದ ಲೋಟಕ್ಕೆ ಉಗುಳುವುದು. ತೂಕ ಒಂದು ಕಾಳು ಹೆಚ್ಚಾದರೂ ಅವಳು ಒಪ್ಪುತ್ತಿರಲಿಲ್ಲ. ಹಾಗಾಗಿ ಆ ಹೆಸರು. ಇಷ್ಟಾಗಿ ಅವಳು ಕಾಫಿ ಕುಡಿಯುವವಳಲ್ಲ. ಮನೆಯಲ್ಲಿ ಬೆಳಿಗ್ಗೆ ಒಂದು ಲೋಟ ಬಿಸಿನೀರು, ಸಂಜೆ ಒಂದು ಲೋಟ ಹಾಲು. "ದಿನವಿಡೀ ನೋಡಿದ್ದನ್ನೇ ಮನೆಗೆ ಬಂದು ಬೇರೆ ಕುಡೀಬೇಕಾ?" ಎನ್ನುವಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಊರ ತುಂಬ ಕಟ್ಟಡಗಳಿಗೆ ಲಿಫ್ಟ್ ಕೂರಿಸಿದವನು ವಾಸಕ್ಕೆ ಲಿಫ್ಟ್ ಇಲ್ಲದ ಕಟ್ಟಡದಲ್ಲಿದ್ದ. ಅದನ್ನು ಅಕ್ಕಪಕ್ಕದವರು ಆಡಿಕೊಳ್ಳದ ದಿನವಿರಲಿಲ್ಲ.

ಗುಟ್ಟು ರಟ್ಟಾದ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋದರು. ಮಣಿಕಟ್ಟಿನಿಂದ ತೆಳು ಕೊಳವೆ ತೂರಿಸಿ ಹೃದಯದ ರಕ್ತನಾಳಗಳ ಚಿತ್ರ ತೆಗೆದರು. ಒಂದು ನಾಳ ಮಧ್ಯದಲ್ಲಿ ಸುಮಾರು ಅರವತ್ತು ಪರ್ಸೆಂಟ್ ಕಿರಿದಾಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು ಹೇಳಿದರು: "ಇದು ನಡು ನಡುವಿನ ಕೇಸು. ಚಿತ್ರ ನೋಡಿ ನಾಳ ಅಗಲ ಮಾಡೋ ಸ್ಟೆಂಟ್ ಬೇಕು ಅಂತಲೂ ಹೇಳೋಕಾಗಲ್ಲ, ಬೇಡ ಅಂತಲೂ ಹೇಳೋಕಾಗಲ್ಲ. ರಕ್ತ ನಿಜವಾಗಿ ಎಷ್ಟು ದಾಟಿ ಹೋಗ್ತಿದೆ ಅಂತ ಅಳೀಬೇಕು. ಅಳೆಯೋಕೆ ಒಂದು ಮದ್ದು ಕೊಡಬೇಕು. ಎರಡು ಮದ್ದುಗಳನ್ನ ಹೋಲಿಸಿ ನೋಡೋ ಅಧ್ಯಯನ ನಮ್ಮಲ್ಲಿ ನಡೀತಿದೆ. ಅದಕ್ಕೆ ಸೇರೋದು ಬಿಡೋದು ನಿಮ್ಮ ಇಷ್ಟ. ಮನೆಗೆ ಹೋಗಿ ಓದಿ, ಯೋಚನೆ ಮಾಡಿ ಬನ್ನಿ." ನಾಲ್ಕು ಪುಟದ ಕಾಗದ ಕೈಗಿತ್ತರು.

ಮನೆ ಬಾಗಿಲು ಹಾಕಿದ್ದೇ ತಡ, ಗಂಡ ಶುರುಮಾಡಿದ.

"ಫೋಟೋ ತೆಗೆದಾಯ್ತು. ಅರವತ್ತು ಅಂತ ಬರೆದೂ ಆಯ್ತು. ಇನ್ನೇನು ಅಳೆಯೋದು? ನಮ್ಮ ಆಫೀಸಿನ ಸ್ಟೋರ್ ಕೀಪರ್‌ಗೆ ಒಳಗೆ ಕರ್ಕೊಂಡು ಹೋದ್ರು, ಸ್ಟೆಂಟ್ ಹಾಕಿದ್ರು, ಹೊರಗೆ ತಂದ್ರು. ಮುಗೀತು. ನಿನ್ನ ಮೇಲೆ ಮಾತ್ರ ಪ್ರಯೋಗ!"

"ಪ್ರಯೋಗ ಅಂತ ಎಲ್ಲಿದೆ ಇದರಲ್ಲಿ? ಹೋಲಿಕೆ ಅಂತಿದೆ."

"ಇಲೀನ ಇಲಿ ಅಂತ ಕರೆದ್ರೆ ಅದು ಬೋನಿಗೆ ಬರುತ್ತಾ? ಏನೋ ಒಂದು ಚೆಂದದ ಹೆಸರಿಟ್ಟಿದ್ದಾರೆ."

ತಕ್ಕಡಿಯಕ್ಕನ ಕಣ್ಣು ಕಾಗದದ ಎರಡನೇ ಪುಟದಲ್ಲಿ ಸಿಕ್ಕಿಕೊಂಡಿತ್ತು. ಒಂದೇ ನಾಳ, ಒಂದೇ ಮಂಚ, ಒಬ್ಬಳೇ ರೋಗಿ. ಮೊದಲು ಒಂದು ಮದ್ದು, ಅದರ ಪರಿಣಾಮ ಪೂರ್ತಿ ಇಳಿದ ಮೇಲೆ ಇನ್ನೊಂದು. ಇದೇನಿದು, ನಮ್ಮ ಕೆಲಸದ ಹಾಗೇ ಇದೆಯಲ್ಲ ಎನ್ನಿಸಿತು.

"ಸಿಸ್ಟರ್‌ನ ಕರೀತೀನಿ. ಅವಳು ಹೇಳಲಿ" ಎಂದಳು.

ಸಿಸ್ಟರ್ ಕೆಳಮನೆಯವಳು. ಅದೇ ಆಸ್ಪತ್ರೆಯಲ್ಲಿ, ಹೃದಯಕ್ಕೆ ಕೊಳವೆ ತೂರಿಸುವ ಕೋಣೆಯಲ್ಲೇ ನರ್ಸ್. ಮೇಲೆ ಬಂದವಳು ಚಪ್ಪಲಿ ಬಿಡುವ ಮೊದಲೇ ಗಂಡ ಅಡ್ಡ ನಿಂತ.

"ಬಾ ಸಿಸ್ಟರಮ್ಮ. ನಿಮ್ಮಕ್ಕನ್ನ ಇಲಿ ಮಾಡ್ತಿದ್ದೀರಂತೆ."

"ಇಲಿ ಆಗಿದ್ರೆ ಸಹಿ ಕೇಳ್ತಿರಲಿಲ್ಲ ಭಾವ. ಸ್ವಲ್ಪ ಕೂತ್ಕೊಳ್ಳಿ, ಮೊದಲು ಅಳತೆ ಯಾಕೆ ಅಂತ ಹೇಳ್ತೀನಿ."

ಊಟದ ಮೇಜಿನ ಮೇಲೆ ಅವಳು ಬೆರಳಲ್ಲೇ ಗೆರೆ ಎಳೆದಳು. "ಇದು ರಕ್ತನಾಳ. ಇಲ್ಲಿ ಕಿರಿದಾಗಿದೆ. ಕೂದಲಿಗಿಂತ ಸ್ವಲ್ಪ ದಪ್ಪದ ತಂತಿ ಇದೆ, ತುದೀಲಿ ಒತ್ತಡ ಅಳೆಯೋ ಪುಟಾಣಿ ಯಂತ್ರ. ಅದನ್ನ ಕಿರಿದಾದ ಜಾಗ ದಾಟಿಸ್ತೀವಿ. ಈಚೆ ಒತ್ತಡ ನೂರು ಇದ್ರೆ ಆಚೆ ಎಷ್ಟಿದೆ? ತೊಂಬತ್ತೈದು ಇದ್ರೆ ಆ ಅಡ್ಡಿ ಹೆಸರಿಗೆ ಮಾತ್ರ. ನೂರಕ್ಕೆ ಎಂಬತ್ತು ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಹೃದಯಕ್ಕೆ ಸಾಕಷ್ಟು ರಕ್ತ ಹೋಗ್ತಿಲ್ಲ, ಸ್ಟೆಂಟ್‌ನಿಂದ ಉಪಯೋಗ ಇದೆ ಅಂತ ಅರ್ಥ. ಎಂಬತ್ತಕ್ಕಿಂತ ಜಾಸ್ತಿ ಇದ್ರೆ ಸಾಮಾನ್ಯವಾಗಿ ಮಾತ್ರೆಯಲ್ಲೇ ನಿಭಾಯಿಸಬಹುದು. ಚಿತ್ರದಲ್ಲಿ ಭಯಂಕರ ಕಂಡಿದ್ದು ಅಳೆದಾಗ ಏನೂ ಅಲ್ಲ ಅಂತ ಆಗೋದೂ ಉಂಟು. ಏನೂ ಅಲ್ಲ ಅನ್ನಿಸಿದ್ದು ಕಳ್ಳ ಅಂತ ಸಿಕ್ಕಿಬೀಳೋದೂ ಉಂಟು."

"ಸರಿ, ತಂತಿ ಹಾಕಿ ಅಳೀರಿ. ಮದ್ದು ಯಾಕೆ?" ಗಂಡ ಕೇಳಿದ.

"ಸುಮ್ಮನೆ ಮಲಗಿರೋವಾಗ ಹೃದಯಕ್ಕೆ ಬೇಕಾಗಿರೋದೇ ಕಮ್ಮಿ ರಕ್ತ. ಮುಂದಿನ ಸಣ್ಣ ಸಣ್ಣ ನಾಳಗಳು ಹೇಗೋ ಹೊಂದಿಸಿಕೊಂಡು ಹೋಗ್ತವೆ. ಅಕ್ಕಂಗೆ ಕೂತಾಗ ನೋವು ಬರುತ್ತಾ? ಇಲ್ಲ. ಮೆಟ್ಟಿಲು ಹತ್ತುವಾಗ ಬರುತ್ತೆ. ಆ ಮದ್ದು ಕೊಟ್ರೆ ಸಣ್ಣ ನಾಳಗಳೆಲ್ಲ ಪೂರ್ತಿ ಅಗಲ ಆಗ್ತವೆ. ರಕ್ತ ಜೋರಾಗಿ ಹರಿಯೋಕೆ ನೋಡುತ್ತೆ. ಆಗ..."

"ಖಾಲಿ ಲಿಫ್ಟು" ಎಂದ ಗಂಡ.

ಇಬ್ಬರೂ ಅವನ ಮುಖ ನೋಡಿದರು.

"ಖಾಲಿ ಲಿಫ್ಟು ಎಂಥಾದ್ದಾದ್ರೂ ಚೆನ್ನಾಗೇ ಓಡುತ್ತೆ. ನಾವು ಹಾಗೆ ಪಾಸ್ ಮಾಡಲ್ಲ. ಕಬ್ಬಿಣದ ಗುಂಡು ತುಂಬಿಸಿ, ಪೂರ್ತಿ ತೂಕ ಹಾಕಿ ಓಡಿಸ್ತೀವಿ. ಆಗ ಗೊತ್ತಾಗುತ್ತೆ ಮೋಟಾರಿನ ಬಂಡವಾಳ." ತಾನು ಹೇಳಿದ್ದು ತನಗೇ ಇಷ್ಟವಾಗಿ ಅವನು ಕುರ್ಚಿ ಎಳೆದು ಕೂತ. "ಆದ್ರೂ ಎರಡು ಮದ್ದು ಯಾಕೆ? ಒಂದೇ ಸಾಲದಾ?"

"ಒಂದೇ ಸಾಕು. ಮದ್ದೇ ಇಲ್ಲದೆ ಅಳೆಯೋ ಇನ್ನೊಂದು ವಿಧಾನಾನೂ ಇದೆ. ಆದ್ರೆ ಮದ್ದು ಕೊಟ್ಟು ಅಳೆಯೋದಾದ್ರೆ ಯಾವುದು ವಾಸಿ ಅನ್ನೋದೇ ಪ್ರಶ್ನೆ. ಒಂದು, ಅಡೆನೊಸಿನ್. ತುಂಬಾ ವರ್ಷದಿಂದ ಬಳಕೇಲಿರೋದು, ಉಳಿದದ್ದನ್ನೆಲ್ಲ ಇದಕ್ಕೇ ಹೋಲಿಸೋದು. ಡ್ರಿಪ್‌ನಲ್ಲಿ ಕೊಡ್ತೀವಿ. ಬೇಗ ಕೆಲಸ ಮಾಡುತ್ತೆ, ನಿಲ್ಲಿಸಿದ್ರೆ ಬೇಗ ಇಳಿಯುತ್ತೆ. ಆದ್ರೆ ಆ ಎರಡು ಮೂರು ನಿಮಿಷ ಎದೆ ಬಿಗಿಯುತ್ತೆ, ಉಸಿರು ಕಟ್ಟಿದಂಗಾಗುತ್ತೆ, ಮುಖ ಬಿಸಿಯಾಗುತ್ತೆ. ಕೆಲವರಿಗೆ ಬಡಿತ ಸ್ವಲ್ಪ ಹೊತ್ತು ನಿಧಾನ ಆಗುತ್ತೆ. ಆಸ್ತಮಾ ಜೋರಾಗಿದ್ದವರಿಗೆ ಕೊಡಲ್ಲ. ಇನ್ನೊಂದು, ನಿಕೊರಾಂಡಿಲ್. ಇದನ್ನ ನೇರ ಹೃದಯದ ನಾಳಕ್ಕೇ ಹಾಕ್ತೀವಿ. ಇದುವರೆಗಿನ ಅಧ್ಯಯನಗಳಲ್ಲಿ ಇದರಿಂದ ಅಷ್ಟು ಕಷ್ಟ ಆಗಿಲ್ಲ, ಅಂಕಿನೂ ಹೆಚ್ಚುಕಮ್ಮಿ ತಾಳೆ ಆಗಿದೆ. ಬಿಪಿ ಸ್ವಲ್ಪ ಇಳೀಬಹುದು. ಎರಡೂ ಹೊಸ ಮದ್ದಲ್ಲ ಭಾವ, ಎರಡೂ ಈಗಾಗಲೇ ಬಳಸ್ತಿರೋದೇ. ನಮ್ಮ ರೋಗಿಗಳಲ್ಲೂ ಹಾಗೇನಾ ಅಂತ ನೋಡ್ತಿದ್ದೀವಿ, ಅಷ್ಟೆ."

"ಯಾವುದು ಮೊದಲು ಕೊಡೋದು?" ತಕ್ಕಡಿಯಕ್ಕ ಬಾಯಿಬಿಟ್ಟಳು.

"ಅದನ್ನ ಡಾಕ್ಟರು ಆರಿಸಲ್ಲ ಅಕ್ಕ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ."

"ಆಮೇಲೆ ಅಂಕಿ ಓದೋರು?"

"ಬೇರೆಯವರು. ಒತ್ತಡ ತೋರಿಸೋ ಗೆರೆ ಮಾತ್ರ ಕಳಿಸ್ತೀವಿ. ಯಾವ ಗೆರೆ ಯಾವ ಮದ್ದಿಂದು ಅಂತ ಅವರಿಗೆ ಗೊತ್ತಿರಲ್ಲ."

ತಕ್ಕಡಿಯಕ್ಕ ಮೇಜು ತಟ್ಟಿದಳು. "ಹಾಗಿರಬೇಕು! ನಮ್ಮಲ್ಲೂ ಬಟ್ಟಲಿನ ಅಡಿಯಲ್ಲೇ ನಂಬರ್ ಇರೋದು. ಯಾವ ತೋಟದ್ದು ಅಂತ ಮೊದಲೇ ಗೊತ್ತಾದ್ರೆ ನಾಲಿಗೆ ಸುಳ್ಳು ಹೇಳುತ್ತೆ ರೀ. ಹೆಸರುವಾಸಿ ತೋಟ ಅಂದ್ರೆ ಕಹಿನೂ ಗಮ್ಮತ್ತಾಗಿರುತ್ತೆ."

"ಬೇಡ ಅಂದ್ರೆ?" ಗಂಡ ಇನ್ನೂ ಬಿಟ್ಟಿರಲಿಲ್ಲ.

"ಬೇಡ ಅಂದ್ರೆ ಬೇಡ. ಚಿಕಿತ್ಸೇಲಿ ಒಂದು ಚೂರೂ ವ್ಯತ್ಯಾಸ ಆಗಲ್ಲ. ಸಹಿ ಹಾಕಿದ ಮೇಲೂ, ಮಂಚದ ಮೇಲೆ ಮಲಗಿದ ಮೇಲೂ ಬೇಡ ಅನ್ನಬಹುದು. ಅದು ಮೂರನೇ ಪುಟದಲ್ಲಿದೆ, ಓದಿ."

ಗಂಡ ಕನ್ನಡಕ ಹಾಕಿಕೊಂಡು ಮೂರನೇ ಪುಟ ಓದಿದ. ತಪ್ಪು ಸಿಗಲಿಲ್ಲ. ಅದೇ ಅವನಿಗೆ ಅನುಮಾನಕ್ಕೆ ಕಾರಣವಾಯಿತು, ಮತ್ತೊಮ್ಮೆ ಓದಿದ. ಅಷ್ಟರಲ್ಲಿ ಹೆಂಡತಿ ಸಹಿ ಹಾಕಿಯಾಗಿತ್ತು.

ಸಿಸ್ಟರ್ ಹಾಳೆ ತಿರುಗಿಸಿ ಕೊನೆಯ ಪ್ರಶ್ನೆಗಳನ್ನು ಓದುತ್ತ ಹೋದಳು. ಆಸ್ತಮಾ ಇಲ್ಲ. ಉಬ್ಬಸದ ಮಾತ್ರೆ ಇಲ್ಲ. "ಕಾಫಿ, ಟೀ, ಕೋಲಾ, ಚಾಕಲೇಟು, ಇವ್ಯಾವೂ ಪರೀಕ್ಷೆಗೆ ಮುಂಚಿನ ಇಪ್ಪತ್ತನಾಲ್ಕು ಗಂಟೆ ಬೇಡ. ಅವುಗಳಲ್ಲಿರೋ ಕೆಫೀನ್ ಅಡೆನೊಸಿನ್‌ನ ಕೆಲಸಕ್ಕೆ ಅಡ್ಡ ಬರುತ್ತೆ. ನಾಳ ಪೂರ್ತಿ ಅಗಲ ಆಗದೇ ಇರಬಹುದು. ಆಗ ಅಂಕಿ ಇರೋದಕ್ಕಿಂತ ಚೆನ್ನಾಗಿ ಕಂಡು, ಬೇಕಾದ ಸ್ಟೆಂಟ್ ತಪ್ಪಿಹೋಗಬಹುದು" ಎಂದವಳೇ ನಕ್ಕಳು. "ನಿಮಗಂತೂ ಆ ಚಿಂತೇನೇ ಇಲ್ಲ. ಕಾಫಿ ಕುಡೀತೀರಾ? ಇಲ್ಲ." ಟಿಕ್ ಹಾಕಿದಳು.

ತಕ್ಕಡಿಯಕ್ಕನೂ ತಲೆಯಾಡಿಸಿದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ.

ಪರೀಕ್ಷೆ ನಿಗದಿಯಾದದ್ದು ಮಧ್ಯಾಹ್ನ ಒಂದಕ್ಕೆ. ಬೆಳಿಗ್ಗೆ ಏಳರ ನಂತರ ಏನೂ ಬಾಯಿಗೆ ಹಾಕಬಾರದು ಎಂದಿದ್ದರು. ಅಂದು ಕಾರ್ಖಾನೆಯಲ್ಲಿ ಹೊಸ ಫಸಲಿನ ಮೂಟೆಗಳು ಸಾಲಾಗಿ ಕಾಯುತ್ತಿದ್ದವು. ಅವಳು ಐದೂವರೆಗೇ ಹೋಗಿ, ಏಳು ಹೊಡೆಯಲು ಐದು ನಿಮಿಷವಿರುವಾಗ ಕೊನೆಯ ಬಟ್ಟಲನ್ನು ಉಗುಳಿ, ಬಾಯಿ ಮುಕ್ಕಳಿಸಿ, ಏಪ್ರನ್ ಕಳಚಿ ಹೊರಟಳು. ಹೇಳಿದ ಮಾತನ್ನು ಗಡಿಯಾರ ಹಿಡಿದು ಪಾಲಿಸಿದ ಸಮಾಧಾನ ಅವಳಿಗೆ.

ಆಸ್ಪತ್ರೆಯಲ್ಲಿ ತಯಾರಿಯ ಕೋಣೆ ಉದ್ದಕ್ಕಿತ್ತು. ಎರಡು ಮಂಚ, ನಡುವೆ ನೀಲಿ ಪರದೆ. ಪಕ್ಕದ ಮಂಚದಲ್ಲಿ ಶಾಲೆಯ ಬಸ್ಸಿನ ಚಾಲಕ. ಅವನದೂ ಇದೇ ಪರೀಕ್ಷೆ. ಡಾಕ್ಟರು ಅವನನ್ನು ಕೇಳುತ್ತಿದ್ದದ್ದು ಪರದೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಕಾಫಿ, ಟೀ ಏನಾದ್ರೂ?"

"ಇಲ್ಲ ಮೇಡಂ. ನಿನ್ನೆ ಬೆಳಿಗ್ಗೆಯಿಂದ ಮುಟ್ಟಿಲ್ಲ."

"ಮಾತ್ರೆ?"

"ಒಂದು ತಲೆನೋವಿನ ಮಾತ್ರೆ. ಇವತ್ತು ಬೆಳಿಗ್ಗೆ."

"ಯಾವುದು? ಮಾತ್ರೆಯ ಸ್ಟ್ರಿಪ್ ಇದೆಯಾ?" ಸ್ಟ್ರಿಪ್ ತಿರುಗಿಸಿದ ಸದ್ದು. "ನೋಡಿ, ಇದರಲ್ಲಿ ಕೆಫೀನ್ ಇದೆ. ಸಣ್ಣಕ್ಷರದಲ್ಲಿ ಬರೆದಿದ್ದಾರೆ. ನಿಮ್ಮ ತಪ್ಪಲ್ಲ. ಇನ್ನೊಂದು ದಿನ ಮಾಡೋಣ."

"ಒಂದು ಮಾತ್ರೆಗಾ ಮೇಡಂ?"

"ಅಂಕಿ ಸರಿ ಇದೆಯಾ ಅಂತ ಅನುಮಾನ ಇಟ್ಟುಕೊಂಡು ನಿಮ್ಮ ಹೃದಯದ ತೀರ್ಮಾನ ಮಾಡಲಾ?"

ತಕ್ಕಡಿಯಕ್ಕ ಸೂರು ನೋಡುತ್ತ ಮಲಗಿದ್ದಳು. ಹಿಂದಿನ ವರ್ಷ ಕಾರ್ಖಾನೆಯಲ್ಲಿ ಯಾರೋ ವಾಸನೆಯ ಸೋಪು ಹಾಕಿದ ಬಟ್ಟೆಯಲ್ಲಿ ಬಟ್ಟಲು ಒರೆಸಿದ್ದರು. ಒಂದೇ ಬಟ್ಟಲಲ್ಲಿ ಸುಳಿವು ಹತ್ತಿತ್ತು. ಅವಳು ಇಡೀ ಮೇಜಿನ ನಲವತ್ತು ಬಟ್ಟಲು ಚೆಲ್ಲಿಸಿ ಮೊದಲಿನಿಂದ ಶುರುಮಾಡಿಸಿದ್ದಳು. ಒಂದು ಮಾತ್ರೆಗೇ ಪರೀಕ್ಷೆ ನಿಲ್ಲುವುದಾದರೆ, ಉಗುಳಿದ್ದು? ಕೇಳಿದರೆ ನಗುತ್ತಾರೇನೋ. ಕೇಳದೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನರ್ಧ ಗಂಟೆಯಲ್ಲಿ ಎಲ್ಲ ಮುಗಿದಿರುತ್ತದೆ. ಮಂಚದ ಬದಿಯಲ್ಲಿ ಗಂಡ ಆಗಲೇ ಎರಡು ಸಲ ಕೈಗಡಿಯಾರ ನೋಡಿದ್ದ.

ಡಾಕ್ಟರು ಪರದೆ ಸರಿಸಿ ಒಳಬಂದರು. ಹಿಂದೆಯೇ ಸಿಸ್ಟರ್.

"ಡಾಕ್ಟ್ರೇ, ನುಂಗದೆ ಉಗುಳಿದ್ರೂ ಲೆಕ್ಕಕ್ಕೆ ಬರುತ್ತಾ?"

"ಏನನ್ನ?"

"ಕಾಫೀನ."

ಡಾಕ್ಟರು ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತಕ್ಕಡಿಯಕ್ಕನ ಮುಖ ನೋಡಿದಳು.

"ಇವತ್ತು ಎಷ್ಟು?" ಡಾಕ್ಟರು ಕೇಳಿದರು.

"ಕಮ್ಮಿನೇ. ಮೂವತ್ತಾರು ಬಟ್ಟಲು. ಒಂದೊಂದಕ್ಕೆ ಮೂರು ಚಮಚ."

"ಅಕ್ಕಾ!" ಸಿಸ್ಟರ್ ಹಣೆ ಚಚ್ಚಿಕೊಂಡಳು. "ನೂರೆಂಟು ಚಮಚ! ಎಂಟು ವರ್ಷದಿಂದ ನಿಮ್ಮ ಕೆಳಗಡೆ ಮನೇಲಿದ್ದೀನಿ, ನಿಮ್ಮ ಕೆಲಸ ಏನು ಅಂತ ನನಗೆ ಗೊತ್ತು. ಆದ್ರೂ ನಾನೇ ಇಲ್ಲ ಅಂತ ಟಿಕ್ ಹಾಕಿದೆ!"

"ನುಂಗಲ್ವಲ್ಲ ಕಣೇ..."

ಡಾಕ್ಟರು ನಗಲಿಲ್ಲ. "ಒಳ್ಳೆ ಪ್ರಶ್ನೆ" ಎಂದರು. "ಉಗುಳಿದ್ರೂ ಗೊತ್ತಿಲ್ಲದೆ ಸ್ವಲ್ಪ ಗಂಟಲಲ್ಲಿ ಇಳಿಯುತ್ತೆ. ಬಾಯಿಯ ಒಳಚರ್ಮಾನೂ ಸ್ವಲ್ಪ ಹೀರಿಕೊಳ್ಳುತ್ತೆ. ಎಷ್ಟು ಅಂತ ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ತೊಂದರೆ."

ಈಗ ಗಂಡನ ಸರದಿ. ರಜೆ ಹಾಕಿ ಬಂದಿದ್ದ. ಅದಕ್ಕಿಂತ ಹೆಚ್ಚಾಗಿ, ಈ ದಿನ ಮುಗಿದರೆ ಸಾಕು ಎಂದು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ಒಂದು ನಿಮಿಷ ಡಾಕ್ಟ್ರೇ. ಕಾಫಿ ಅಡ್ಡ ಬರೋದು ಅಡೆನೊಸಿನ್‌ಗೆ ತಾನೆ? ಇನ್ನೊಂದಿದೆಯಲ್ಲ, ನಿಕೊರಾಂಡಿಲ್. ಅದಕ್ಕೂ ಅಡ್ಡ ಬರುತ್ತಾ?"

ಡಾಕ್ಟರು ಅವನನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು. "ಇಲ್ಲ. ಅದು ಕೆಲಸ ಮಾಡೋ ದಾರಿನೇ ಬೇರೆ. ಕೆಫೀನ್ ಆ ರೀತಿ ಅಡ್ಡ ಬರಲ್ಲ. ಸರಿಯಾಗೇ ಕೇಳಿದ್ರಿ. ಬೇಕಾದ್ರೆ ಇವತ್ತೇ ಅದೊಂದರಲ್ಲೇ ಅಳೀತೀನಿ. ನಿಮ್ಮವರ ಚಿಕಿತ್ಸೆ ತೀರ್ಮಾನಕ್ಕೆ ಅಷ್ಟು ಸಾಕು. ಹೋಲಿಕೆಯ ಅಧ್ಯಯನಕ್ಕೆ ಮಾತ್ರ ಇವರನ್ನ ಸೇರಿಸೋಕಾಗಲ್ಲ. ಇಲ್ಲಾಂದ್ರೆ ಮುಂದಿನ ಸರದಿಗೆ, ಮೂರು ದಿನ ಬಿಟ್ಟು ಬನ್ನಿ, ಅಲ್ಲಿವರೆಗೂ ಕಾಫಿ ಮೇಜಿನ ಹತ್ತಿರ ಸುಳೀಬೇಡಿ. ನೋವು ಜಾಸ್ತಿ ಆಗಿಲ್ಲ, ಕೂತಾಗ ಬರ್ತಿಲ್ಲ; ಮಾತ್ರೆ ತಗೊಂಡು ಮೂರು ದಿನ ಕಾಯೋದ್ರಿಂದ ಅಪಾಯ ಇಲ್ಲ. ಕೂತಾಗ ಬಂದ್ರೆ, ನಿಂತ ಮೇಲೂ ಹೋಗದೇ ಇದ್ರೆ ಮಾತ್ರ ಒಂದು ನಿಮಿಷಾನೂ ಕಾಯ್ಬೇಡಿ, ಆಂಬುಲೆನ್ಸ್‌ಗೆ ಫೋನ್ ಮಾಡಿ."

"ಇವತ್ತೇ ಆಗಿಹೋಗಲಿ ಕಣೇ" ಎಂದ ಗಂಡ.

ತಕ್ಕಡಿಯಕ್ಕ ಎದ್ದು ಕೂತಳು. "ಒಂದೇ ಬಟ್ಟಲು ಇಟ್ಟು ಯಾವುದು ಚೆನ್ನಾಗಿದೆ ಹೇಳು ಅಂದ್ರೆ ನಾನು ಏನು ಹೇಳಲಿ? ಎರಡನ್ನೂ ನೋಡೇಬಿಡೋಣ ರೀ. ನನಗೂ ಗೊತ್ತಾಗ್ಬೇಕು."

ಗಂಡ ಡಾಕ್ಟರ ಕಡೆ ನೋಡಿ ಕೈಚೆಲ್ಲಿದ. "ಮೂಟೆ ರಿಜೆಕ್ಟ್ ಮಾಡೋ ಬಾಯಿ ಡಾಕ್ಟ್ರೇ ಇದು. ಮದುವೆ ಆದ ದಿನದಿಂದ ನಾನು ನೋಡ್ತಿದ್ದೀನಿ."

ಮನೆಗೆ ಮರಳಿದ ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಬೆಳಿಗ್ಗೆ ತಕ್ಕಡಿಯಕ್ಕನಿಗೆ ತಲೆ ಸಿಡಿಯತೊಡಗಿತು. ಕಣ್ಣು ಭಾರ, ಆಕಳಿಕೆ, ಕಾರಣವಿಲ್ಲದೆ ಸಿಡುಕು. ಅವಳು ತಲೆಗೆ ಬಟ್ಟೆ ಬಿಗಿದುಕೊಂಡು, "ನಿಮ್ಮ ರೇಡಿಯೋ ಆರಿಸ್ತೀರಾ ಇಲ್ವಾ? ವಾರದ ರಜೆ ಬಂದ್ರೆ ಸಾಕು, ಇದರ ಗಲಾಟೆಗೆ ನನಗೆ ತಲೆನೋವು" ಎಂದು ಗಂಡನ ಮೇಲೆ ಹರಿಹಾಯ್ದಳು.

ಅದೇ ಹೊತ್ತಿಗೆ ವಿಚಾರಿಸಿಕೊಂಡು ಹೋಗಲು ಬಂದ ಸಿಸ್ಟರ್ ಬಾಗಿಲಲ್ಲೇ ನಿಂತಳು. "ಏನಂದ್ರಿ? ರಜೆ ಬಂದ್ರೆ ತಲೆನೋವಾ? ಪ್ರತಿ ವಾರಾನೂ?"

"ಪ್ರತಿ ವಾರಾನೂ. ವರ್ಷಗಟ್ಟಲೆಯಿಂದ."

"ಕೆಲಸದ ದಿನ?"

"ಇಲ್ಲಪ್ಪ. ಕಾರ್ಖಾನೆಗೆ ಕಾಲಿಟ್ಟರೆ ಮಾಯ."

ಸಿಸ್ಟರ್ ಕುರ್ಚಿಯ ಮೇಲೆ ಕುಸಿದು ನಗತೊಡಗಿದಳು. ನಗು ನಿಂತ ಮೇಲೆ ಹೇಳಿದಳು: "ಅಕ್ಕ, ದಿನಾ ಕಾಫಿ ಕುಡಿಯೋರು ತಟ್ಟನೆ ಬಿಟ್ರೆ ಒಂದು ದಿನದಲ್ಲಿ ಹೀಗೇ ತಲೆನೋವು ಬರೋದು. ಕೆಫೀನ್ ಬಿಟ್ಟ ತಲೆನೋವು. ನಿಮ್ಮ ಮೈಗೆ ಅದು ಅಭ್ಯಾಸ ಆಗಿದೆ."

ಗಂಡ ರೇಡಿಯೋ ಆರಿಸಿ, ಎದ್ದು ನಿಂತು, ಕೋರ್ಟಿನಲ್ಲಿ ತೀರ್ಪು ಕೇಳಿದವನಂತೆ ಎರಡೂ ಕೈ ಎತ್ತಿದ. "ಕುಡಿಯದವಳಿಗೆ ಕಾಫಿ ಬಿಟ್ಟ ತಲೆನೋವು! ಇಷ್ಟು ವರ್ಷ ನನ್ನ ರೇಡಿಯೋ ಮೇಲೆ ಸುಳ್ಳು ಕೇಸು ಹಾಕಿದ್ದೆಯಲ್ಲೇ!"

ತಕ್ಕಡಿಯಕ್ಕ ತಲೆಗೆ ಬಿಗಿದಿದ್ದ ಬಟ್ಟೆ ಬಿಚ್ಚಿದಳು. ಇಪ್ಪತ್ತಾರು ವರ್ಷ, ದಿನಕ್ಕೆ ನಲವತ್ತು ಐವತ್ತು ಬಟ್ಟಲು. ನಾಲಿಗೆಗೆ ಎಲ್ಲ ಗೊತ್ತು ಎಂದುಕೊಂಡಿದ್ದವಳು. ಗಂಟಲು ಕದ್ದದ್ದು ನಾಲಿಗೆಗೇ ಗೊತ್ತಾಗಿರಲಿಲ್ಲ. "ಹಾಗಾದ್ರೆ ಅವತ್ತು ಕೇಳದೇ ಇದ್ದಿದ್ರೆ..." ಎಂದಳು.

ಗಂಡನ ನಗುವೂ ನಿಂತಿತು.

"ಆ ಬಸ್ಸಿನವನ ಹಾಗೆ ಸಿಕ್ಕಿದ ಮಾತ್ರೆ ನುಂಗಬೇಡಿ" ಎಂದು ಸಿಸ್ಟರ್ ಬರೀ ಪ್ಯಾರಾಸಿಟಮಾಲ್ ಇದ್ದ ಮಾತ್ರೆಯೊಂದನ್ನು ಕೊಟ್ಟು, ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರವನ್ನು ಭಾವನಿಂದಲೇ ಗಟ್ಟಿಯಾಗಿ ಓದಿಸಿ ಹೋದಳು.

ಮೂರು ದಿನ ಕಳೆದಿತ್ತು. ಪರೀಕ್ಷೆಯ ಕೋಣೆ ತಣ್ಣಗಿತ್ತು. ಮಣಿಕಟ್ಟಿಗೆ ಮರಗಟ್ಟಿಸುವ ಸೂಜಿ ಚುಚ್ಚಿದರು. ಆಮೇಲೆ ನೋವಿರಲಿಲ್ಲ, ಎಚ್ಚರವಿತ್ತು. ತಲೆಯ ಪಕ್ಕದ ಪರದೆಯಲ್ಲಿ ಎರಡು ಗೆರೆ ಓಡುತ್ತಿದ್ದವು, ಒಂದು ಕೆಂಪು, ಒಂದು ಹಸಿರು. "ಕೆಂಪು ಅಡ್ಡಿಯ ಈಚೆ, ಹಸಿರು ಆಚೆ" ಎಂದಳು ಸಿಸ್ಟರ್. ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. ಕೆಳಗೆ ಅಂಕಿ: ನೂರಕ್ಕೆ ತೊಂಬತ್ತಮೂರು.

"ಚೆನ್ನಾಗೇ ಇದೆಯಲ್ಲ!"

"ಇದು ಖಾಲಿ ಲಿಫ್ಟು ಅಕ್ಕ."

ಚೀಟಿಯಲ್ಲಿ ಅಡೆನೊಸಿನ್ ಮೊದಲು ಬಂದಿತ್ತು. ಡ್ರಿಪ್ ಶುರುವಾಗಿ ಒಂದು ನಿಮಿಷವಾಗಿರಬಹುದು. ಮುಖ ಬಿಸಿಯಾಯಿತು, ಉಸಿರು ಮೇಲಕ್ಕೆ ಎಳೆಯಿತು, ಎದೆಯೊಳಗೆ ಅದೇ ಹಗ್ಗ. ಮೊದಲೇ ಹೇಳಿದ್ದರಿಂದ ಅವಳು ಹೆದರಲಿಲ್ಲ. ಕತ್ತು ತಿರುಗಿಸಿ ಪರದೆ ನೋಡಿದಳು. ಹಸಿರು ಗೆರೆ ಕೆಂಪಿನ ಕೆಳಗೆ ಕುಸಿಯುತ್ತ ಹೋಗುತ್ತಿತ್ತು. ತೊಂಬತ್ತು. ಎಂಬತ್ತನಾಲ್ಕು. ಎಪ್ಪತ್ತೊಂಬತ್ತು. ಎಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಡ್ರಿಪ್ ನಿಲ್ಲಿಸಿದರು. ಹಗ್ಗ ಸಡಿಲವಾಯಿತು.

"ಹತ್ತಕ್ಕೆ ಎಷ್ಟು ಕಷ್ಟ ಆಯ್ತು?" ಡಾಕ್ಟರು ಕೇಳಿದರು.

"ಏಳು. ಬೇಗ ಹೋಗುತ್ತೆ ಅಂತ ಗೊತ್ತಿದ್ದಿದ್ದಕ್ಕೆ ಏಳು. ಗೊತ್ತಿಲ್ಲದಿದ್ರೆ ಒಂಬತ್ತು ಅಂತಿದ್ದೆ."

ಡಾಕ್ಟರು ಅದನ್ನೂ ಬರೆಸಿದರು.

ಎರಡು ಗೆರೆಗಳೂ ಮೊದಲಿನ ಜಾಗಕ್ಕೆ ಬರುವವರೆಗೆ ಎಲ್ಲರೂ ಕಾದರು. "ಬಾಯಿ ಮುಕ್ಕಳಿಸಿ ಮುಂದಿನ ಬಟ್ಟಲಿಗೆ ಹೋಗೋದು" ಎಂದಳು ತಕ್ಕಡಿಯಕ್ಕ. ಆಮೇಲೆ ನಿಕೊರಾಂಡಿಲ್. ಎದೆಯೊಳಗೆ ಒಂದಿಷ್ಟು ಬೆಚ್ಚಗಾದಂತಾಯಿತು, ಅಷ್ಟೆ. ಬಿಪಿ ಸ್ವಲ್ಪ ಇಳಿದು ಮತ್ತೆ ಏರಿತು. ಹಸಿರು ಗೆರೆ ಈ ಸಲವೂ ಕುಸಿಯಿತು. ಎಪ್ಪತ್ತೈದು.

"ಕಷ್ಟ?"

"ಎರಡು. ಅದೂ ಈ ಕೋಣೆಯ ಚಳಿಗೆ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಎರಡು ಬಟ್ಟಲು, ಒಂದೇ ರುಚಿ. ಹಾಗಾದ್ರೆ ಎರಡನೆಯದೇ ವಾಸಿ ಅಲ್ವಾ ಡಾಕ್ಟ್ರೇ?"

"ನಿಮ್ಮೊಬ್ಬರಿಂದ ಹೇಳೋಕಾಗಲ್ಲ. ಇನ್ನೂ ಸಾಕಷ್ಟು ಜನರನ್ನ ನೋಡಬೇಕು. ನೀವು ಒಂದು ಮೂಟೆ ನೋಡಿ ಇಡೀ ಫಸಲಿಗೆ ಮಾರ್ಕು ಕೊಡ್ತೀರಾ?"

"ಇಲ್ಲ" ಎಂದು ಒಪ್ಪಿಕೊಂಡಳು.

"ನಿಮ್ಮ ಮಟ್ಟಿಗೆ ಮಾತ್ರ ಉತ್ತರ ಸಿಕ್ಕಿತು. ಎರಡು ಸಲ ಅಳೆದ್ರೂ ಎಂಬತ್ತಕ್ಕಿಂತ ಕೆಳಗೆ. ನಿಮ್ಮ ನೋವಿಗೆ ಈ ಅಡ್ಡಿನೇ ಕಾರಣ. ಸ್ಟೆಂಟ್ ಹಾಕಲಾ?"

"ಹಾಕಿ."

ಸ್ಟೆಂಟ್ ಕೂರಿಸಿದ ಮೇಲೆ ಹೊರಗೆ ಬಂದ ಡಾಕ್ಟರು ಗೆರೆಗಳ ಹಾಳೆಯನ್ನು ಗಂಡನ ಕೈಗೆ ಕೊಟ್ಟರು. ಅವನು ಅದನ್ನು ಬೆಳಕಿಗೆ ಹಿಡಿದು, ತೊಂಬತ್ತಮೂರರಿಂದ ಎಪ್ಪತ್ತನಾಲ್ಕರವರೆಗೆ ಬೆರಳು ಎಳೆದ. "ಭಾರ ಬಿದ್ದ ಕೂಡಲೇ ಕೂತುಬಿಟ್ಟಿದೆ" ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ: "ಅವತ್ತೇ, ಇವಳು ಕಾಫಿ ವಿಷಯ ಕೇಳದೆ ಇದ್ದು, ಆ ಮೊದಲನೇ ಮದ್ದಲ್ಲೇ ಅಳೆದುಬಿಟ್ಟಿದ್ರೆ ಎಷ್ಟು ಬರ್ತಿತ್ತು?"

"ಇಷ್ಟೇ ಬರ್ತಿತ್ತೋ, ಎಂಬತ್ತೆರಡು ಬಂದು ಮಾತ್ರೆ ಬರೆದು ಮನೆಗೆ ಕಳಿಸ್ತಿದ್ದೆನೋ, ಯಾರಿಗೂ ಗೊತ್ತಿಲ್ಲ" ಎಂದರು ಡಾಕ್ಟರು.

ಗಂಡ ಹಾಳೆಯನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಮರುವಾರ ಕೆಲಸಕ್ಕೆ ಹೋದವನು ಅದೇ ಹಾಳೆ ತೆಗೆದು ಸ್ಟೋರ್ ಕೀಪರನ ಮುಂದೆ ಹಿಡಿದು, "ನಿನಗೆ ಸ್ಟೆಂಟ್ ಹಾಕೋ ಮುಂಚೆ ಅಳೆದ್ರಾ?" ಎಂದು ಕೇಳಿದನಂತೆ. ಅವನಿಗೆ ನಾಳ ತೊಂಬತ್ತೈದು ಪರ್ಸೆಂಟ್ ಮುಚ್ಚಿತ್ತು, ಅಳೆಯುವ ಅಗತ್ಯವೇ ಇರಲಿಲ್ಲ ಎಂದು ತಿಳಿದ ಮೇಲೆ ಗಂಡ ಸ್ವಲ್ಪ ಪೆಚ್ಚಾದನಂತೆ. ಆದರೂ ಸಿಕ್ಕವರನ್ನು ಕೇಳುವುದನ್ನು ಬಿಟ್ಟಿಲ್ಲ. ಇತ್ತ ಆಸ್ಪತ್ರೆಯ ಹಾಳೆಯಲ್ಲಿ, ಕಾಫಿ ಟೀ ಕುಡಿಯುತ್ತೀರಾ ಎಂಬ ಪ್ರಶ್ನೆಯ ಕೆಳಗೆ ಸಿಸ್ಟರ್ ಹೊಸದೊಂದು ಸಾಲು ಸೇರಿಸಿದ್ದಾಳೆ: "ನಿಮ್ಮ ಕೆಲಸ ಏನು? ಕೆಲಸದಲ್ಲಿ ಏನನ್ನಾದರೂ ಬಾಯಿಗೆ ಹಾಕುತ್ತೀರಾ?"

ಓದುಗರೇ, ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ಹೃದಯದ ನಾಳ ಅರ್ಧಂಬರ್ಧ ಕಿರಿದಾಗಿದೆ ಎಂದು ಹೇಳಿದರೆ, ರಕ್ತದ ಹರಿವು ಅಳೆಯುವ ಅಗತ್ಯ ಇದೆಯೇ ಎಂದು ಡಾಕ್ಟರನ್ನು ಕೇಳಿ. ಅಳೆಯುವುದಾದರೆ ಯಾವ ಮದ್ದು, ಅದರಿಂದ ಏನನ್ನಿಸುತ್ತದೆ, ಎಷ್ಟು ಹೊತ್ತು ಎಂದು ಕೇಳಿ. ಆಸ್ತಮಾ, ಉಬ್ಬಸದ ಮಾತ್ರೆ, ತಲೆನೋವಿನ ಮಾತ್ರೆ, ಒಂದು ಗುಟುಕು ಟೀ, ಯಾವುದನ್ನೂ ಮುಚ್ಚಿಡಬೇಡಿ. ಕಾಫಿ ಟೀ ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ನಿಮ್ಮ ಆಸ್ಪತ್ರೆಯವರಿಂದಲೇ ತಿಳಿದುಕೊಳ್ಳಿ. ನಿಮ್ಮ ಮಾಮೂಲಿ ಮಾತ್ರೆಗಳನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಅಧ್ಯಯನಕ್ಕೆ ಸೇರಲು ಕರೆದರೆ ಕಾಗದ ಓದಿ, ಓದಿಸಿ, ಅರ್ಥವಾದ ಮೇಲೆ ಸಹಿ ಹಾಕಿ. ಬೇಡವೆನ್ನಿಸಿದರೆ ಬೇಡ ಎನ್ನಿ. ಎದೆನೋವು ಕೂತಲ್ಲೇ ಬಂದರೆ, ಬಿಡದೆ ಕಾಡಿದರೆ ಮಾತ್ರ ಯಾವ ಯೋಚನೆಯೂ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.

ಕೇಳಿದರೆ ನಗುತ್ತಾರೇನೋ ಎಂಬ ಒಂದು ಪ್ರಶ್ನೆ ನಿಮ್ಮಲ್ಲೂ ಇದ್ದೀತು. ಮೊದಲು ಅದನ್ನೇ ಕೇಳಿ.